ಬೆಟ್ಟದ ಹಿಂದಿನ ಆರು ದೀಪ

ನಮ್ಮ ಕ್ಲಬ್ಬಿನ ಬಾಗಿಲ ಪಕ್ಕದಲ್ಲಿ ಒಂದು ಹಲಗೆ ಇದೆ. ಅದರಲ್ಲಿ ಇಪ್ಪತ್ತು ಮೊಳೆ. ಒಬ್ಬೊಬ್ಬ ಸದಸ್ಯನಿಗೆ ಒಂದೊಂದು ಹಿತ್ತಾಳೆ ಬಿಲ್ಲೆ. ಊರಿನ ಗಣಿ ನಡೆಯುತ್ತಿದ್ದ ಕಾಲದಲ್ಲಿ ಕೆಳಗಿಳಿಯುವವರು ತಮ್ಮ ನಂಬರಿನ ಬಿಲ್ಲೆಯನ್ನು ಮೇಲೆ ತೂಗುಹಾಕಿ ಇಳಿಯುತ್ತಿದ್ದರು. ಇವು ಅವೇ ಬಿಲ್ಲೆಗಳು. ಶನಿವಾರ ಬೆಳಿಗ್ಗೆ ಬಂದವರು ಬಿಲ್ಲೆ ತೂಗುಹಾಕುತ್ತಾರೆ, ಹೋಗುವಾಗ ಜೇಬಿಗೆ ಹಾಕಿಕೊಳ್ಳುತ್ತಾರೆ. ಇಪ್ಪತ್ತೊಂದನೆಯ ಮೊಳೆ ಹೊಡೆಯುವಂತಿಲ್ಲ. ಯಾರಾದರೂ ಸತ್ತರೆ, ಇಲ್ಲವೇ ಯಾರನ್ನಾದರೂ ಹೊರಗೆ ಹಾಕಿದರೆ ಮಾತ್ರ ಹೊಸಬರಿಗೆ ಜಾಗ.

ನಾನು ಮೂರು ವರ್ಷ ಬಿಲ್ಲೆ ಇಲ್ಲದೆ ಹೋಗಿಬರುತ್ತಿದ್ದೆ. ನನ್ನ ಕೋಟನ್ನು ನೆಲ ಒರೆಸುವ ಕೋಲಿನ ಕೊಕ್ಕೆಗೆ ಹಾಕುತ್ತಿದ್ದೆ. ಅಜ್ಜ ತೀರಿಕೊಂಡಾಗ ಅವನ ಒಂಬತ್ತನೇ ಬಿಲ್ಲೆ ನನಗೆ ಬಂದೀತು ಅಂದುಕೊಂಡಿದ್ದೆ. ಅದು ಮಾಂಸದಂಗಡಿಯ ಡೆಲ್ಬರ್ಟ್ ಶಾಂಕ್‌ಗೆ ಹೋಯಿತು.

ಕ್ಲಬ್ಬು ಇರುವುದು ಅಗ್ನಿಶಾಮಕ ದಳದ ಕಟ್ಟಡದ ನೆಲಮಾಳಿಗೆಯಲ್ಲಿ. ಸೊಂಟದೆತ್ತರದ ಹಲಗೆಗಳ ಮೇಲೆ ನಮ್ಮ ಇಡೀ ಕಣಿವೆಯ ಪುಟ್ಟ ಮಾದರಿ: ನದಿ, ಸೇತುವೆ, ಗಣಿಯ ಗೋಪುರ, ನಿಂತುಹೋದ ಉಕ್ಕಿನ ಕಾರ್ಖಾನೆ, ಬೆರಳುದ್ದದ ಕಲ್ಲಿದ್ದಲ ವ್ಯಾಗನ್‌ಗಳ ರೈಲು. ಆಟಿಕೆ ಅಂದರೆ ಅಲ್ಲಿ ಯಾರೂ ಕ್ಷಮಿಸುವುದಿಲ್ಲ. ರೈಲುಗಳು ಪ್ಲಾಸ್ಟರಿನ ಬೆಟ್ಟದ ಸುರಂಗಕ್ಕೆ ನುಗ್ಗಿ ಮಾಯವಾಗುತ್ತವೆ. ಬೆಟ್ಟದ ಹಿಂದೆ ಕರಿ ಪರದೆ, ಪರದೆಯ ಆಚೆ ಆರು ಟ್ರ್ಯಾಕುಗಳ ಯಾರ್ಡು. ರೈಲುಗಳು ಅಲ್ಲಿ ತಂತಮ್ಮ ಸರದಿ ಕಾಯುತ್ತವೆ. ಎಂಜಿನ್ ಓಡಿಸುವವರು ಮುಂದುಗಡೆ ನಿಂತಿರುವುದರಿಂದ ಅವರಿಗೆ ಅದು ಕಾಣದು. ಅದಕ್ಕೆ ಒಳಗೆ ಒಬ್ಬರು ಸ್ಟೂಲಿನ ಮೇಲೆ ಕೂತು, ಆಚೆಯ ಟ್ರ್ಯಾಕೂ ಕಾಣುವಂತೆ ಕೈಗನ್ನಡಿ ಹಿಡಿದು, ಯಾವ ಟ್ರ್ಯಾಕು ಖಾಲಿ, ಯಾವುದು ಭರ್ತಿ ಎಂದು ಕೂಗಬೇಕು.

ಹನ್ನೆರಡು ವರ್ಷ ಆ ಸ್ಟೂಲು ಕ್ಲೆಮ್ ಯೂರ್ಕೊ ಅವರದು. ಎಪ್ಪತ್ತೊಂದು ವಯಸ್ಸು, ಹಿಂದೆ ಟೆಲಿಫೋನ್ ಕಂಬ ಹತ್ತುತ್ತಿದ್ದವರು. ಹದಿನಾಲ್ಕನೇ ಬಿಲ್ಲೆ. ವಾರವೆಲ್ಲ ಒಂದೇ ಸ್ವೆಟರಿನಲ್ಲಿ ಕಾಣುತ್ತಿದ್ದ ಅವರು ಶನಿವಾರಕ್ಕೆ ಅಂಗಿ ಇಸ್ತ್ರಿ ಮಾಡಿಕೊಂಡು ಬರುತ್ತಿದ್ದರು. ನಾನು ಮೊದಲ ಸಲ ಬಂದ ದಿನ, ಒಳಗೇನಿದೆ ಎಂದು ಪರದೆ ಎತ್ತಿದ್ದೆ. ಅವರು ನನ್ನ ಮಣಿಕಟ್ಟು ಹಿಡಿದು ಹೊರಗೆ ನಿಲ್ಲಿಸಿದರು.

"ಪರದೆ ಒಳಗೆ ಬಿಲ್ಲೆ ಇದ್ದೋರು ಮಾತ್ರ, ಮರಿ. ನಿಮ್ಮಜ್ಜ ಹೇಳಿಕೊಡ್ಲಿಲ್ವಾ?"

ಎಲ್ಲರೂ ನಕ್ಕರು. ಅವರೂ ನಕ್ಕರು.

ಹೋದ ವರ್ಷ ಡಿಸೆಂಬರಿನಲ್ಲಿ, ಊರವರಿಗೆಲ್ಲ ಬಾಗಿಲು ತೆರೆಯುವ ಭಾನುವಾರ, ಕ್ಲೆಮ್ ಸ್ಟೂಲಿನ ಮೇಲೆ ತೂಕಡಿಸಿದರು. ಭರ್ತಿ ಇದ್ದ ಎರಡನೇ ಟ್ರ್ಯಾಕಿಗೆ ಇನ್ನೊಂದು ರೈಲು ನುಗ್ಗಿತು. ನಮ್ಮ ಅಧ್ಯಕ್ಷ ರಾಲಿನ್ ಹಾಸ್ ಹನ್ನೊಂದು ಚಳಿಗಾಲ ಕೂತು ಕೈಯಾರೆ ಮಾಡಿದ್ದ ಹಿತ್ತಾಳೆ ಎಂಜಿನ್ ಸಿಮೆಂಟು ನೆಲಕ್ಕೆ ಬಿತ್ತು. ಹಾಸ್ ಬೈಯಲಿಲ್ಲ. ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಮುಂದಿನ ಸಭೆಯಲ್ಲಿ ಹೇಳಿದರು: "ಕ್ಲೆಮ್, ನಿನ್ನ ಕಣ್ಣಿಗೆ ವಯಸ್ಸಾಯ್ತು. ಬೇರೆ ಕಣ್ಣು ಮಾಡಿಕೊಡು. ಒಂದು ವರ್ಷ ಟೈಮು. ಬರೋ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಅದು ಕೆಲಸ ಮಾಡ್ಬೇಕು. ಇಲ್ದಿದ್ರೆ ಬಿಲ್ಲೆ ಇಟ್ಟು ಹೋಗು." ಕೈ ಎತ್ತಿಸಿದರು. ಹದಿನೇಳು ಕೈ ಎದ್ದವು.

ಕ್ಲೆಮ್ ಕಣ್ಣು ಮಾಡಲು ಕೂತರು. ಮೂಡಿಬಂದದ್ದು ಇಷ್ಟು: ಹಳಿಗಳ ನಡುವೆ ತೂತು ಕೊರೆದು ಬಟಾಣಿಗಿಂತ ಚಿಕ್ಕ ಎರಡು ಮಣಿ ಕೂರಿಸುವುದು. ಒಂದು ಮಣಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಮೇಲಕ್ಕೆ ಬಿಡುತ್ತದೆ. ಮೇಲೆ ವ್ಯಾಗನ್ ಬಂದರೆ ಅದರ ಹೊಟ್ಟೆಗೆ ಬಡಿದು ಬೆಳಕು ಹಿಂದಿರುಗುತ್ತದೆ. ಎರಡನೇ ಮಣಿ ಅದನ್ನು ಹಿಡಿದರೆ ಕೆಂಪು ದೀಪ ಹೊತ್ತುತ್ತದೆ. ಆರು ಟ್ರ್ಯಾಕಿಗೆ ಆರು ಸರ್ಕ್ಯೂಟು, ಆರು ದೀಪ.

ಅವರ ಕೈ ನಡುಗುತ್ತಿತ್ತು. ಅದಕ್ಕೆ ನನ್ನನ್ನು ಕರೆದರು. ನಾನು ವೃದ್ಧಾಶ್ರಮದ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ ಮುಗಿಸಿ ಅವರ ಅಡಿಗೆಮನೆಗೆ ಹೋಗಿ ಬೆಸುಗೆ ಹಾಕುವುದು ಕಲಿತೆ. ಅವರು ಚೆನ್ನಾಗಿ ಕಲಿಸುತ್ತಿದ್ದರು, ಚೆನ್ನಾಗಿ ಚುಚ್ಚುತ್ತಲೂ ಇದ್ದರು. "ಉದ್ದ ಕಾಲು ಪ್ಲಸ್ಸು. ಉದ್ದ ಅಂದ್ರೆ ಗೊತ್ತಲ್ಲ? ಅಷ್ಟರವರೆಗಾದ್ರೂ ಸ್ಕೂಲಿಗೆ ಹೋಗಿದ್ಯಾ?" ನಾನು ಹದಿನಾರಕ್ಕೇ ಶಾಲೆ ಬಿಟ್ಟವಳು. ಆರರಲ್ಲಿ ನಾಲ್ಕನ್ನು ನಾನೇ ಜೋಡಿಸಿದೆ. ಅವರು ತಮ್ಮದೊಂದು ವ್ಯಾಗನ್ನನ್ನು, ಅಂಗಡಿಯಿಂದ ತಂದದ್ದು ತಂದ ಹಾಗೇ ಹೊಳೆಯುತ್ತಿದ್ದದ್ದನ್ನು, ಮೇಜಿನ ಮೇಲೆ ತಳ್ಳಿ ಪರೀಕ್ಷಿಸಿದರು. ಆರೂ ದೀಪ ಹೊತ್ತಿದವು. ಅವರು ಎದ್ದು ನಿಂತು, ತಮ್ಮ ಅಂಗಿಯ ಜೇಬು ತಟ್ಟಿಕೊಂಡರು. ಬಿಲ್ಲೆ ಅಲ್ಲಿತ್ತು.

ಕ್ಲಬ್ಬಿನಲ್ಲಿ ನನ್ನದೂ ಒಂದು ಕೆಲಸವಿತ್ತು. ವ್ಯಾಗನ್‌ಗಳಿಗೆ ಬಣ್ಣ ಹಚ್ಚುವುದು ನಾನು. ತುಕ್ಕು, ಕೆಸರು, ಹಳೆತನ ಎಲ್ಲ ಬಣ್ಣದಲ್ಲೇ. ನನಗೆ ಹೆಸರು ಬಂದದ್ದು ವ್ಯಾಗನ್ನಿನ ಹೊಟ್ಟೆಗೆ ಹಚ್ಚುವ ಕಪ್ಪಿನಿಂದ. ಅಜ್ಜನ ಕಲ್ಲಿದ್ದಲ ಒಲೆಯ ಕೊಳವೆ ಕೆರೆದು ಮಸಿ ತೆಗೆದು, ನೈಲಾನ್ ಕಾಲುಚೀಲದಲ್ಲಿ ಸೋಸಿ, ಮಿರುಗದ ವಾರ್ನಿಷ್‌ನಲ್ಲಿ ಕಲಸಿ ಮೂರು ಕೈ ಹಚ್ಚುತ್ತಿದ್ದೆ. ಬೆರಳಿಟ್ಟರೆ ಬೆರಳು ಒಳಗೆ ಹೋದೀತು ಅನ್ನಿಸುವಂಥ ಕಪ್ಪು. ಹಾಸ್ ಒಂದು ವ್ಯಾಗನ್ ತಿರುಗಿಸಿ ನೋಡಿ, "ಇದನ್ನ ಯಾರೂ ನೋಡಲ್ಲ, ಆದ್ರೂ ಸರಿಯಾಗಿದೆ. ಹಾಗಿರಬೇಕು ಕೆಲಸ" ಅಂದಿದ್ದರು. ನನಗೆ ಯಾರೂ ಅಷ್ಟು ದೊಡ್ಡ ಮಾತು ಹೇಳಿದ್ದಿಲ್ಲ. ಆಮೇಲೆ ಕ್ಲಬ್ಬಿನ ನೂರ ನಲವತ್ತು ವ್ಯಾಗನ್‌ಗಳ ಹೊಟ್ಟೆಗೂ ನನ್ನ ಮಸಿಯೇ.

ಆ ಶನಿವಾರ ಎಲ್ಲರೂ ಬೇಗ ಬಂದಿದ್ದರು. ಡೆಲ್ಬರ್ಟ್ ಹೆಂಡತಿಯ ಕೈಯಲ್ಲಿ ಪಿರೋಗಿ, ಆಲೂಗಡ್ಡೆ ತುಂಬಿದ ಕಡುಬು, ಮಾಡಿಸಿ ತಂದಿದ್ದ. ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿಯ ವಾಸನೆ ನೆಲಮಾಳಿಗೆ ತುಂಬಿತ್ತು. ಸಾವು ನೋಡಲು ಬಂದವರಿಗೂ ಹಸಿವಾಗುತ್ತದಲ್ಲ.

ಕ್ಲೆಮ್ ಪರದೆಯನ್ನು ಪೂರ್ತಿ ಸರಿಸಿ, ಎಲ್ಲರಿಗೂ ಕಾಣುವಂತೆ ದೀಪದ ಹಲಗೆ ಇಟ್ಟರು. ಮೊದಲ ಟ್ರ್ಯಾಕಿನ ಮಣಿಯ ಮೇಲೆ ಬೆರಳು ಹಿಡಿದರು. ದೀಪ ಹೊತ್ತಿತು. ಆರರ ಮೇಲೂ ಹಿಡಿದರು. ಆರೂ ಹೊತ್ತಿದವು.

"ನೋಡ್ದೇನೋ ಡೆಲ್ಬರ್ಟ್?"

"ನೋಡ್ದೆ ನೋಡ್ದೆ. ಈಗ ರೈಲು ಬಿಡು."

ಹಾಸ್ ಸ್ವತಃ ರೈಲು ಓಡಿಸುವ ಗುಬುಟು ತಿರುಗಿಸಿದರು. ಕಲ್ಲಿದ್ದಲ ರೈಲು ಸುರಂಗದಿಂದ ಹೊರಬಂದು ಮೂರನೇ ಟ್ರ್ಯಾಕಿನ ಮಣಿಗಳ ಮೇಲೆ ಹಾದುಹೋಯಿತು. ಇಪ್ಪತ್ತು ವ್ಯಾಗನ್. ದೀಪ ಹೊತ್ತಲಿಲ್ಲ. ನಾಲ್ಕನೆಯದರಲ್ಲೂ ಇಲ್ಲ. ಒಂದನೆಯದರಲ್ಲೂ ಇಲ್ಲ.

ಕ್ಲೆಮ್ ಮತ್ತೆ ಬೆರಳಿಟ್ಟರು. ಹೊತ್ತಿತು.

"ಸರಿ ಹಾಗಾದ್ರೆ," ಅಂದ ಡೆಲ್ಬರ್ಟ್, "ಡಿಸೆಂಬರಿನಲ್ಲಿ ರೈಲು ಬೇಡ, ಕ್ಲೆಮ್‌ನ ಬೆರಳನ್ನೇ ಓಡಿಸೋಣ. ಮಕ್ಕಳಿಗೂ ಮಜಾ."

ನಗು ಕಟ್ಟೆಯೊಡೆಯಿತು. ಹಾಸ್ ನಗದೆ ಗಡಿಯಾರ ನೋಡಿದರು. ಹತ್ತೂ ಕಾಲು.

ಆಮೇಲಿನ ಒಂದು ಗಂಟೆ ಕ್ಲೆಮ್ ಮಾಡದ ಕೆಲಸವಿಲ್ಲ. ಮೀಟರ್ ಹಿಡಿದು ಕರೆಂಟು ನೋಡಿದರು. ಐದು ವೋಲ್ಟು ಸರಿಯಾಗಿತ್ತು. ತಂತಿಗಳನ್ನು ಎಳೆದು ನೋಡಿದರು. ಹಳಿಯ ಕರೆಂಟು ಅಡ್ಡಿ ಮಾಡುತ್ತಿರಬಹುದೆಂದು ತಂತಿಯನ್ನು ದೂರ ಸರಿಸಿ ಕಟ್ಟಿದರು. ಟ್ಯೂಬ್‌ಲೈಟು ಆರಿಸಿ ನೋಡಿದರು. ರೈಲು ಜೋರಾಗಿ ಹೋಗುತ್ತಿದೆಯೇನೋ ಎಂದು ವ್ಯಾಗನ್ನನ್ನು ಮಣಿಯ ಮೇಲೆಯೇ ನಿಲ್ಲಿಸಿದರು. ದೀಪ ಹೊತ್ತಲಿಲ್ಲ. ಸರ್ಕ್ಯೂಟಿನ ಮೇಲೊಂದು ಚಿಕ್ಕ ತಿರುಪು ಇದೆ, ಅದನ್ನು ತಿರುಗಿಸಿದರೆ ಮಣಿ ಸೂಕ್ಷ್ಮವಾಗುತ್ತದೆ. ತಿರುಗಿಸುತ್ತ ಹೋದರು, ಒಂದು ಹಂತದಲ್ಲಿ ದೀಪ ಹೊತ್ತಿತು. ವ್ಯಾಗನ್ ತೆಗೆದರೂ ಹೊತ್ತೇ ಇತ್ತು.

"ಈಗ ಇಲ್ಲದ ರೈಲೂ ಕಾಣ್ತಿದೆ ಅದಕ್ಕೆ," ಎಂದ ಡೆಲ್ಬರ್ಟ್ ಪಿರೋಗಿ ಅಗಿಯುತ್ತ. "ನಿನ್ನ ಹಾಗೇ ಕಣೋ. ಒಂದೋ ನಿದ್ದೆ, ಇಲ್ಲಾಂದ್ರೆ ಭ್ರಮೆ."

ಕ್ಲೆಮ್‌ರ ಕುತ್ತಿಗೆ ಬೆವತಿತ್ತು. ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿತ್ತು. ಅವರು ತಮ್ಮ ಚೀಲದಿಂದ ಆ ಹೊಳೆಯುವ ವ್ಯಾಗನ್ ತೆಗೆದರು.

"ರಾಲಿನ್, ಒಂದೇ ಒಂದ್ಸಲ ಇದನ್ನ ಓಡಿಸಿ ನೋಡ್ತೀನಿ. ಮನೇಲಿ ಇದ್ರಲ್ಲೇ ನೋಡಿದ್ದು. ನಮ್ಮ ವ್ಯಾಗನ್‌ಗಳಲ್ಲೇ ಏನೋ ಇದೆ ಅನ್ಸುತ್ತೆ."

"ಏನಿದೆ?"

"ಗೊತ್ತಿಲ್ಲ. ಕಪ್ಪು ಅಂತಾನೂ ಯೋಚನೆ ಮಾಡ್ದೆ. ಆದ್ರೆ ಇದೂ ಕಪ್ಪೇ."

ಹಾಸ್ ಆ ವ್ಯಾಗನ್ನನ್ನು ಎರಡು ಬೆರಳಲ್ಲಿ ಎತ್ತಿ ಚಕ್ರ ನೋಡಿದರು, ಅಂಗೈಯಲ್ಲಿ ತೂಕ ನೋಡಿದರು. "ಇದು ಪರೀಕ್ಷೆ ಪಾಸಾಗಿಲ್ಲ. ತೂಕ ಕಮ್ಮಿ, ಚಕ್ರ ಪ್ಲಾಸ್ಟಿಕ್ಕು. ನಮ್ಮ ಹಳಿ ಮೇಲೆ ಇಂಥದ್ದು ಓಡಲ್ಲ. ಆ ರೂಲು ಬರೆದಿದ್ದೇ ನೀನು, ಕ್ಲೆಮ್."

"ಒಂದಡಿ ದೂರ ತಳ್ಳೋದಷ್ಟೇ..."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಎಂದ ಡೆಲ್ಬರ್ಟ್. ಅದಕ್ಕೂ ನಕ್ಕರು.

ಹಾಸ್ ಆ ವ್ಯಾಗನ್ನನ್ನು ಹಿಂದಕ್ಕೆ ಕೊಡದೆ ಕಿಟಕಿಯ ಅಂಚಿನಲ್ಲಿಟ್ಟರು. "ಬೆಸುಗೆ ಸರಿ ಇದ್ಯಾ?" ಎಂದು ಕೇಳಿದರು.

ಕ್ಲೆಮ್ ನನ್ನತ್ತ ನೋಡಿದರು. ನಾನು ಮೂಲೆಯಲ್ಲಿ ಟಾರ್ಚು ಹಿಡಿದು ನಿಂತಿದ್ದೆ. ಅವರ ಕಣ್ಣಲ್ಲಿ ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂಥ ಹೊಳಪು ಬಂತು.

"ನಾಲ್ಕು ಇವಳು ಹಾಕಿದ್ದು," ಅಂದರು. "ನನ್ನ ಕೈ ನಡುಗುತ್ತೆ ಅಂತ ಕೊಟ್ಟೆ. ತಪ್ಪು ನಂದೇ. ಹತ್ತನೇ ಕ್ಲಾಸಿನಿಂದ ಓಡಿಬಂದ ಹುಡುಗಿ ಕೈಗೆ ಇಂಥ ಕೆಲಸ ಕೊಡಬಾರ್ದಿತ್ತು."

ಹತ್ತೊಂಬತ್ತು ತಲೆ ನನ್ನ ಕಡೆ ತಿರುಗಿದವು. ಕ್ಲೆಮ್ ಸೋಲ್ಡರಿಂಗ್ ಐರನ್ ಕಾಯಿಸಿ, ಎಲ್ಲರೆದುರಿಗೆ ನನ್ನ ನಾಲ್ಕು ಸರ್ಕ್ಯೂಟುಗಳ ಒಂದೊಂದು ಬೆಸುಗೆಯನ್ನೂ ಕರಗಿಸಿ ಮತ್ತೆ ಹಾಕಿದರು. ಎಲ್ಲ ಗಟ್ಟಿಯಾಗಿದ್ದವು. ಅವರ ನಡುಗುವ ಕೈ ನನ್ನ ನೀಟಾದ ಬೆಸುಗೆಗಳನ್ನು ಗುಪ್ಪೆಗುಪ್ಪೆ ಮಾಡಿತು. ಅವರ ಸ್ವಂತ ಎರಡು ಸರ್ಕ್ಯೂಟುಗಳಲ್ಲೂ ರೈಲಿಗೆ ದೀಪ ಹೊತ್ತುತ್ತಿಲ್ಲ ಎಂಬುದು ಯಾರ ಬಾಯಿಗೂ ಬರಲಿಲ್ಲ. ನನ್ನ ಬಾಯಿಗೂ.

ಹನ್ನೊಂದೂವರೆಗೆ ಅವರು ತಮ್ಮ ಹಳೇ ಫೋನು ತೆಗೆದರು. ಆ ಕಾಣದ ಬೆಳಕು ಫೋನಿನ ಕ್ಯಾಮೆರಾದಲ್ಲಿ ನೇರಳೆಯಾಗಿ ಕಾಣುತ್ತದೆ. ಆರೂ ಮಣಿ ಉರಿಯುತ್ತಿವೆಯೇ ನೋಡಿದರು. ಉರಿಯುತ್ತಿದ್ದವು. "ಹಿಡ್ಕೋ ಇದನ್ನ" ಎಂದು ಫೋನನ್ನು ನನ್ನ ಕೈಗೆ ತುರುಕಿ, ತಂತಿ ನೋಡಲು ಹಲಗೆಯ ಅಡಿಗೆ ತೆವಳಿದರು.

ನಾನು ಬಗ್ಗಿ ಫೋನನ್ನು ಹಳಿಯ ಮಟ್ಟಕ್ಕೆ ಹಿಡಿದೆ. ಮಣಿಯ ಮೇಲೆ ವ್ಯಾಗನ್ ನಿಂತೇ ಇತ್ತು. ಮಣಿ ನೇರಳೆಯಾಗಿ ಉರಿಯುತ್ತಿತ್ತು. ಅದರ ಅರ್ಧ ಇಂಚು ಮೇಲೆ ವ್ಯಾಗನ್ನಿನ ಹೊಟ್ಟೆ. ಅಲ್ಲಿ ಏನೂ ಇರಲಿಲ್ಲ. ಬೆಳಕು ಬಿದ್ದ ಗುರುತೇ ಇಲ್ಲ. ಪಕ್ಕದಲ್ಲಿ ನನ್ನ ಕಿರುಬೆರಳು ತೂರಿಸಿದೆ. ಬೆರಳು ನೇರಳೆಯಾಗಿ ಬೆಳಗಿತು. ಅವರ ಅಡಿಗೆಮನೆಯಲ್ಲೂ ಹೀಗೇ ನೋಡಿದ್ದೆವು. ಅಂಗಡಿಯ ವ್ಯಾಗನ್ನಿನ ನುಣ್ಣನೆಯ ಹೊಟ್ಟೆಯ ಮೇಲೆ ನೇರಳೆ ಬೆಳಕು ಶಾಯಿ ಚೆಲ್ಲಿದಂತೆ ಹರಡಿತ್ತು.

ನನ್ನ ಮಸಿ ಅದನ್ನು ಕುಡಿದುಬಿಟ್ಟಿತ್ತು. ಅಷ್ಟೇ. ಒಂದು ಚೂರು ಬಿಳಿ ಕಾಗದ ಹೊಟ್ಟೆಗೆ ಅಂಟಿಸಿದರೆ ಮುಗಿಯಿತು.

ಹೇಳಲು ನನಗೆ ಅರ್ಧ ಗಂಟೆ ಸಮಯವಿತ್ತು. ನಾನು ಹೆದರಿ ಸುಮ್ಮನಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಹೆದರಿಕೆ ನನಗೆ ಯಾವಾಗಲೂ ಇರುತ್ತದೆ, ಅದರ ರುಚಿ ಗೊತ್ತು. ಇದು ಅದಲ್ಲ. ನನ್ನ ಕಪ್ಪಿಗೆ ಹಾಸ್ ಏನನ್ನುತ್ತಾರೋ ಎಂದು ಒಂದು ಕ್ಷಣ ಯೋಚಿಸಿದೆ. ಆಮೇಲೆ ಹಲಗೆಯತ್ತ ನೋಡಿದೆ. ಹದಿನಾಲ್ಕನೇ ಮೊಳೆಯಲ್ಲಿ ಬಿಲ್ಲೆ ತೂಗುತ್ತಿತ್ತು.

ಕ್ಲೆಮ್ ಹಲಗೆಯ ಅಡಿಯಿಂದ ಹೊರಬಂದರು. ಕೂದಲಲ್ಲಿ ಮರದ ಪುಡಿ. ಬೇರೆ ಯಾರಿಗೂ ಕೇಳಿಸದ ಹಾಗೆ ಕೇಳಿದರು, "ರೆನಾ, ನಿನ್ನ ಕಣ್ಣು ಚುರುಕು. ಏನಾದ್ರೂ ಕಾಣ್ಸ್ತಾ?"

ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಇಲ್ಲ," ಅಂದೆ.

"ಏನೂ?"

"ಏನೂ ಇಲ್ಲ, ಮಿಸ್ಟರ್ ಯೂರ್ಕೊ. ಎಲ್ಲ ಸರಿಯಾಗೇ ಇದೆ."

ಮೇಲೆ ಅಗ್ನಿಶಾಮಕ ದಳದ ಸೈರನ್ನು ಮಧ್ಯಾಹ್ನದ ಹನ್ನೆರಡನ್ನು ಕೂಗಿತು. ನಮ್ಮೂರಿನಲ್ಲಿ ದಿನವೂ ಕೂಗುತ್ತದೆ. ಹಾಸ್ ಗುಬುಟಿನಿಂದ ಕೈ ತೆಗೆದರು.

"ಇನ್ನೊಂದು ಶನಿವಾರ ಕೊಡು ರಾಲಿನ್," ಎಂದರು ಕ್ಲೆಮ್. "ಹತ್ರ ಬಂದಿದೀನಿ. ಬೆರಳು ಕಾಣ್ತಿದೆ ಅಂದ್ರೆ ರೈಲೂ ಕಾಣ್ಬೇಕು. ಏನೋ ಸಣ್ಣದು."

"ನನ್ನ ಎಂಜಿನ್ನಿಗೆ ಇನ್ನೊಂದು ಶನಿವಾರ ಸಿಗ್ಲಿಲ್ಲ."

ನಮ್ಮಲ್ಲಿ ಹೊರಹೋಗುವವನು ತನ್ನ ಬಿಲ್ಲೆಯನ್ನು ತಾನೇ ತೆಗೆದು ಅಧ್ಯಕ್ಷನ ಅಂಗೈಗೆ ಇಡಬೇಕು. ಕ್ಲೆಮ್‌ರ ಬೆರಳಿಗೆ ಮೊಳೆ ಸಿಗಲಿಲ್ಲ. ಎರಡು ಸಲ ತಡವರಿಸಿದರು. "ಬೆರಳಿಗೂ ಈಗ ಕಣ್ಣು ಕಾಣ್ತಿಲ್ವಲ್ಲೋ" ಎಂದ ಡೆಲ್ಬರ್ಟ್. ಈ ಸಲ ಇಬ್ಬರು ಮೂವರು ಮಾತ್ರ ನಕ್ಕರು. ಮೂರನೇ ಸಲಕ್ಕೆ ಬಿಲ್ಲೆ ಬಂತು. ಅವರು ಸರ್ಕ್ಯೂಟುಗಳನ್ನು ಬಿಚ್ಚಲು ಹೋದಾಗ ಹಾಸ್, "ಇರ್ಲಿ ಬಿಡು, ತಂತಿ ಕ್ಲಬ್ಬಿಂದು" ಅಂದರು. ಸೋಲ್ಡರಿಂಗ್ ಐರನ್ ಇನ್ನೂ ಬಿಸಿಯಿತ್ತು. ಅದು ಆರುವವರೆಗೆ ಕಾಯದೆ, ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಬಟ್ಟೆ ಚುಂಯ್ ಎಂದಿತು. ಕಿಟಕಿಯ ಅಂಚಿನಲ್ಲಿದ್ದ ವ್ಯಾಗನ್ನನ್ನು ಮರೆತು ಮೆಟ್ಟಿಲು ಹತ್ತಿದರು.

ಪಿರೋಗಿ ತಟ್ಟೆ ನನ್ನವರೆಗೂ ಬಂತು. ಹದಿನಾಲ್ಕನೇ ಬಿಲ್ಲೆ ನನಗೆ ಕೊಡಬಹುದೇ ಎಂದು ಆ ದಿನವೇ ಕೈ ಎತ್ತಿಸಿದರು. "ಪಾಪ, ಅವನ ತಪ್ಪನ್ನ ಇವಳ ತಲೆಗೆ ಕಟ್ಟಿದ. ಆದ್ರೂ ಹುಡುಗಿ ತುಟಿ ಬಿಚ್ಲಿಲ್ಲ" ಎಂದರು ಹಾಸ್. ಎಲ್ಲ ಕೈಗಳೂ ಎದ್ದವು. ಬಿಲ್ಲೆ ಇನ್ನೂ ಬೆಚ್ಚಗಿತ್ತು, ಹಾಸ್‌ರ ಅಂಗೈಯಿಂದಲೋ ಕ್ಲೆಮ್‌ರ ಬೆರಳಿಂದಲೋ. ಬಿಲ್ಲೆಯ ಜೊತೆಗೆ ಸ್ಟೂಲೂ ಕೈಗನ್ನಡಿಯೂ ನನ್ನ ಪಾಲಿಗೆ ಬಂದವು.

ಡಿಸೆಂಬರಿನ ಮೊದಲ ಭಾನುವಾರಕ್ಕೆ ಮುಂಚೆ, ಪರದೆಯ ಒಳಗೆ ಒಬ್ಬಳೇ ಇದ್ದಾಗ, ಪ್ರತಿ ರೈಲಿನ ಮೊದಲ ಮತ್ತು ಕೊನೇ ವ್ಯಾಗನ್ನಿನ ಹೊಟ್ಟೆಗೆ ಉಗುರಗಲದ ಬಿಳಿ ಟೇಪು ಹಚ್ಚಿದೆ. ತಿರುಪುಗಳನ್ನು ಮೊದಲಿದ್ದಲ್ಲಿಗೆ ತಿರುಗಿಸಿದೆ. ಆರೂ ದೀಪ ಚೊಕ್ಕವಾಗಿ ಹೊತ್ತಿದವು, ಆರಿದವು. ದೀಪದ ಹಲಗೆಯನ್ನು ಸ್ಟೂಲಿನ ಪಕ್ಕ, ಹೊರಗೆ ಕಾಣದಂತೆ ಇಟ್ಟುಕೊಂಡೆ. ಕೈಗನ್ನಡಿಯಲ್ಲಿ ನೋಡಿ ನೋಡಿ ಕತ್ತು ನೋಯುತ್ತದೆ. ವ್ಯಾಗನ್ನಿನ ಹೊಟ್ಟೆಯನ್ನಂತೂ ಯಾರೂ ನೋಡುವುದಿಲ್ಲ.

ಆ ಭಾನುವಾರ ನಾನು ಒಂದು ಸಲವೂ ತಪ್ಪಲಿಲ್ಲ. "ಹುಡುಗಿ ಕಣ್ಣು ಅಂದ್ರೆ ಕಣ್ಣು!" ಎಂದು ಹಾಸ್ ಹೊರಗೆ ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು. ಮೂರು ಗಂಟೆಯ ಹೊತ್ತಿಗೆ ಡೆಲ್ಬರ್ಟನ ಧ್ವನಿ: "ಏನಪ್ಪಾ ಕ್ಲೆಮ್, ಕ್ಯೂನಲ್ಲಿ ನಿಂತು ಬಂದ್ಯಾ? ಮಕ್ಕಳು ಮುಂದೆ, ದೊಡ್ಡೋರು ಹಿಂದೆ."

ಸ್ವಲ್ಪ ಹೊತ್ತಿಗೆ ಪರದೆ ಸರಿಯಿತು. ಇಸ್ತ್ರಿಯ ಅಂಗಿ. ಅವರು ನನ್ನನ್ನು ನೋಡಲಿಲ್ಲ. ದೀಪಗಳನ್ನು ನೋಡಿದರು. ಮೂರನೆಯದು ಹೊತ್ತಿತು, ಆರಿತು. ಐದನೆಯದು ಹೊತ್ತಿತು. ಅವರ ತುಟಿ ಎಣಿಸುತ್ತಿತ್ತು.

"ಕೆಲಸ ಮಾಡ್ತಿವೆ," ಅಂದರು. ಮುಖ ಅರಳಿತು. "ನಂದು ಸರಿಯಾಗೇ ಇತ್ತು. ಇತ್ತು ನೋಡು! ಏನಾಗಿತ್ತು?"

"ಹೊಟ್ಟೆ ಬಣ್ಣ. ಮಸಿ ಬೆಳಕನ್ನ ವಾಪಸ್ ಕೊಡ್ತಿರ್ಲಿಲ್ಲ. ಟೇಪ್ ಹಚ್ಚಿದೀನಿ."

"ಮಸಿ!" ಅವರು ಹಣೆಗೆ ಅಂಗೈ ಬಡಿದುಕೊಂಡರು, ನಕ್ಕರು. "ಅಯ್ಯೋ, ಬರೀ ಟೇಪು! ಯಾವಾಗ ಗೊತ್ತಾಯ್ತು ನಿನಗೆ?"

ನಾನು ದೀಪದ ಹಲಗೆಯತ್ತ ತಿರುಗಿದೆ. ಅವರು ನನ್ನನ್ನೇ ನೋಡುತ್ತ ನಿಂತರು. ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು, ಒಡೆಯ ಹೋದ ಮೇಲೂ ಮೊಳೆಯಲ್ಲಿ ನೇತಾಡುವ ಟೋಪಿಯಂತೆ. ಆಮೇಲೆ ಅದೂ ಇಳಿಯಿತು. ಅವರ ಕಣ್ಣು ನನ್ನ ಎದೆಯ ಜೇಬಿಗೆ ಬಂತು. ಆ ದಿನ ನಾನು ಬಿಲ್ಲೆಯನ್ನು ಮೊಳೆಗೆ ಹಾಕಿರಲಿಲ್ಲ. ಜನ ಜಾಸ್ತಿ, ಕಳೆದೀತು ಎಂದು ಪಿನ್ನು ಹಾಕಿ ಸಿಕ್ಕಿಸಿಕೊಂಡಿದ್ದೆ.

"ರೆನಾ," ಅಂದರು ಮೆಲ್ಲಗೆ. "ರಾಲಿನ್‌ಗೆ ಒಂದು ಮಾತು ಹೇಳು. ಸರ್ಕ್ಯೂಟು ಸರಿ ಇತ್ತು ಅಂತ. ಅಷ್ಟೇ. ನೀನು ಹೇಳಿದ್ರೆ ಕೇಳ್ತಾನೆ."

ಹೊರಗಿನಿಂದ ಹಾಸ್ ಕೂಗಿದರು: "ರೆನಾ, ನಾಲ್ಕು ಖಾಲಿನಾ?"

"ಖಾಲಿ ಸರ್, ಬಿಡಿ!" ಎಂದು ಕೂಗಿದೆ. ನನ್ನ ಧ್ವನಿ ಅಷ್ಟು ದೊಡ್ಡದಾಗಿ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಕ್ಲೆಮ್ ಇನ್ನೂ ಪರದೆ ಹಿಡಿದುಕೊಂಡೇ ನಿಂತಿದ್ದರು.

"ಮಿಸ್ಟರ್ ಯೂರ್ಕೊ," ಅಂದೆ, "ಪರದೆ ಒಳಗೆ ಬಿಲ್ಲೆ ಇದ್ದೋರು ಮಾತ್ರ."

ಅವರ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು, ತಟ್ಟಿತು, ಅಲ್ಲೇ ನಿಂತಿತು. ಆಮೇಲೆ ಅವರು ಹೊರಗೆ ಹೆಜ್ಜೆಯಿಟ್ಟು ಪರದೆ ಮುಚ್ಚಿದರು. ಒಳಗೆ ಬೆಳಕು ಸೋರಬಾರದೆಂದು ಎರಡು ಅಂಚನ್ನೂ ಒಂದರ ಮೇಲೊಂದು ತಂದು, ಮೊದಲಿನಿಂದ ಮಾಡುತ್ತಿದ್ದ ಹಾಗೆ, ಈ ಸಲ ಹೊರಗಿನಿಂದ, ಬಟ್ಟೆಯ ಕ್ಲಿಪ್ಪು ಹಾಕಿದರು. ನಾಲ್ಕನೇ ದೀಪ ಹೊತ್ತಿತು.

"ಬಂತು!" ಎಂದು ಕೂಗಿದೆ.